ಮೂರನೇ ಹೊಂಡದ ಇಳಿಜಾರು

ಆ ಸಂಜೆ ಕೆರೆ ಏರಿಯ ಮೇಲೆ ಇದ್ದವರು ಮೂವರೇ. ನನ್ನ ಸೋದರತ್ತೆ, ನಾನು, ಮತ್ತೆ ನಮ್ಮೂರ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಪಾಂಡವಪುರದ ಸಾಬರು. ಸಾಬರು ಜಾಲಿಮರದ ಬುಡದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದರು. ಅತ್ತೆಯ ಮುಂದೆ ಅವಳ ಎಮ್ಮೆ ನಡೆಯುತ್ತಿತ್ತು.

"ಏನಮ್ಮಾ, ನಿಮ್ಮೆಮ್ಮೆ ನನ್ ಮೀನ್ಗೆ ನೀರೇ ಉಳಿಸಾಕಿಲ್ವಲ್ಲ," ಅಂದರು ಸಾಬರು.

"ಮೀನು ನಿಮ್ದು, ನೀರು ನಮ್ದು. ಸುಮ್ಕೆ ಒಲೀರಿ ಸಾಬ್ರೇ," ಅಂದಳು ಅತ್ತೆ.

ಏರಿ ಮುಗಿಯುವ ಕಡೆ, ಆ ಜಾಲಿಮರದ ಪಕ್ಕ, ಕೆರೆಯ ಅಂಚಿಗೇ, ಆಗಷ್ಟೇ ಮೂರು ಹೊಂಡ ಮಾಡಿದ್ದರು. ಊರಿನ ಬಚ್ಚಲು ನೀರು, ಚರಂಡಿ ನೀರು ನೇರ ಕೆರೆಗೆ ಬೀಳದಿರಲಿ ಎಂದು. ಮೊದಲನೆಯದರಲ್ಲಿ ಕೊಳಕು ತಳಕ್ಕಿಳಿಯುತ್ತದೆ. ಮಿಕ್ಕ ಎರಡರಲ್ಲಿ ಬಿಸಿಲು, ಗಾಳಿ, ಪಾಚಿ ಸೇರಿ ನಿಧಾನಕ್ಕೆ ನೀರನ್ನು ಹದಕ್ಕೆ ತರುತ್ತವೆ. ನೆಲಕ್ಕೆ ಇಂಗಬಾರದೆಂದು ತಳಕ್ಕೂ ಇಳಿಜಾರಿಗೂ ದಪ್ಪನೆಯ ಕರಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಬೇಲಿ ಇನ್ನೂ ಬಂದಿರಲಿಲ್ಲ. ಹೊಂಡ ಹೊಸದಾದರೂ ಜಾಗ ಹಳೆಯದು. ತಾತನ ಕಾಲದಿಂದ ಊರಿನ ದನಗಳು ನೀರಿಗೆ ಇಳಿಯುತ್ತಿದ್ದುದು ಅಲ್ಲೇ. ಅತ್ತ ಹೋಗಬೇಡಿ ಎಂದು ಪಂಚಾಯ್ತಿಯವರು ನಮಗೆ ಹೇಳಿದ್ದರು. ದನಗಳಿಗೆ ಹೇಳುವವರು ಯಾರು?

ಎಮ್ಮೆ ಅಭ್ಯಾಸಬಲದಿಂದ ಸೀದಾ ಮೂರನೇ ಹೊಂಡಕ್ಕೆ ತಿರುಗಿ, ದಡದಿಂದ ಜಾರಿ ದೊಪ್ಪನೆ ಬಿತ್ತು.

"ನೋಡ್ಲಾ, ಮುಂಡೇದು," ಎಂದು ಅತ್ತೆ ಸೀರೆ ಎತ್ತಿ ಸಿಕ್ಕಿಸಿದಳು.

"ಬ್ಯಾಡ ಕಣತ್ತೆ, ತಡಿ."

"ನಾಲೇಲಿ ಈಜು ಕಲ್ತೋಳು ಕಣ್ಲಾ ನಾನು. ಈ ಗುಂಡಿ ಏನ್ ಮಾಡಾತು?"

ಇಳಿಜಾರಿಗೆ ಕಾಲಿಟ್ಟದ್ದೇ ತಡ, ಅವಳೂ ನೀರಿನಲ್ಲಿದ್ದಳು. ಒಂದು ಸಲ ಮುಳುಗಿ ಎದ್ದಳು, ಈಜಿ ದಡಕ್ಕೂ ಬಂದಳು. ಆದರೆ ಹತ್ತಲಾಗಲಿಲ್ಲ. ಕೆರೆಯಾಗಿದ್ದರೆ ಕಾಲಿಗೆ ಮಣ್ಣು ಸಿಗುತ್ತಿತ್ತು, ಕೈಗೆ ಜೊಂಡು ಸಿಗುತ್ತಿತ್ತು. ಇಲ್ಲಿ ಲೋಳೆಗಟ್ಟಿದ ಹಾಳೆ. ಉಗುರು ಊರಿದರೂ ನಿಲ್ಲದು. ಮೊಣಕೈ ಊರುತ್ತಾಳೆ, ಜಾರುತ್ತಾಳೆ. ಮತ್ತೆ ಊರುತ್ತಾಳೆ, ಮತ್ತೆ ಜಾರುತ್ತಾಳೆ. ಅಷ್ಟು ಹೊತ್ತೂ ಎಮ್ಮೆಯನ್ನು, ಹೊಂಡ ತೋಡಿದವರನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದಳು.

ನಾನು ಬೋರಲು ಮಲಗಿ ಟವೆಲ್ ಬಿಟ್ಟೆ. ಸಾಲಲಿಲ್ಲ. ಇನ್ನಷ್ಟು ಬಗ್ಗಿದಾಗ ನನ್ನ ಎದೆಯೂ ಜಾರಿತು. ಹಿಂದಿನಿಂದ ಯಾರೋ ಕಾಲು ಹಿಡಿದೆಳೆದರು. ಸಾಬರು.

"ಅರೆ, ನೀನೂ ಒಳೀಕ್ ಓಗ್ಬುಟ್ರೆ ಇಬ್ರುನ್ನೂ ಎಲ್ ಉಡುಕ್ಲಯ್ಯ ನಾನು?"

ಆಗ ಗಮನಿಸಿದೆ, ಅತ್ತೆಯ ಬೈಗುಳ ನಿಂತಿತ್ತು. ನಾನು ಹುಟ್ಟಿದಾಗಿನಿಂದ ಬಾಯಿ ಮುಚ್ಚಿದ್ದನ್ನು ಕಾಣದ ಹೆಂಗಸು. ಗಲ್ಲದ ತನಕ ಹಸಿರು ನೀರು, ಕಣ್ಣು ನನ್ನನ್ನೇ ನೋಡುತ್ತಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿ ನಮ್ಮನ್ನು ಬಿಟ್ಟು ಇನ್ನೊಂದು ನರಪಿಳ್ಳೆಯೂ ಇರಲಿಲ್ಲ.

ಸಾಬರು ಬಲೆಯ ಒಂದು ತುದಿಯನ್ನು ಜಾಲಿಮರಕ್ಕೆ ಬಿಗಿದರು, ಉಳಿದದ್ದನ್ನು ಇಳಿಜಾರಿನ ಮೇಲೆ ಹರವಿ ನೀರಿಗೆ ಬಿಟ್ಟರು.

"ಬೆರಳು ಬಲೆ ಕಣ್ಣೊಳೀಕೆ ಸಿಗಾಕ್ಸಮ್ಮಾ. ಕಾಲ್ಬೆರಳ್ನೂವೆ. ನನ್ನೇ ಬಯ್ಕೊಂಡು ಮ್ಯಾಕ್ ಬಾಮ್ಮಾ."

ಅತ್ತೆ ಬೈಯಲಿಲ್ಲ. ಒಂದೊಂದೇ ಕಣ್ಣಿಗೆ ಬೆರಳು ತೂರಿಸುತ್ತ ಬಂದಳು. ಬಲೆಯ ಹುರಿ ಲಟಲಟ ಕಿತ್ತುಬರುತ್ತಿತ್ತು. ರಟ್ಟೆ ಕೈಗೆಟುಕಿದಾಗ ಇಬ್ಬರೂ ಸೇರಿ ಮೇಲಕ್ಕೆ ಎಳೆದುಹಾಕಿದೆವು. ಕುಡಿದ ನೀರನ್ನೆಲ್ಲ ಕಕ್ಕಿದಳು. ಕಬ್ಬಿನ ಟ್ರಾಕ್ಟರಿನವನೊಬ್ಬ ಸಿಕ್ಕಿ ಎಮ್ಮೆಯನ್ನು ಹಗ್ಗ ಕಟ್ಟಿ ಎಳೆದದ್ದು ಆಮೇಲೆ.

ಅತ್ತೆಗೆ ಜ್ವರ ಹಿಡಿಯಿತು. ಒಳಗೆ ಹೋದ ನೀರು ಏನು ಮಾಡುತ್ತದೋ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ನಾವೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. ಅಂತೂ ಉಳಿದಳು.

ಮನೆಗೆ ಬಂದ ಮೇಲೆ ಅವಳು ಯಾರಿಗೂ ಹೇಳದೆ ಸಂಜೆ ಸಂಜೆ ಕೋಲು ಹಿಡಿದು ಆ ದಾರಿಗೆ ಅಡ್ಡ ನಿಂತಳು. ಬೇಲಿ ಬರುವ ತನಕ ಊರಿನ ದನಗಳನ್ನೆಲ್ಲ ಅತ್ತೆಯೇ ಏರಿಯ ಆಚೆ ಬದಿಗೆ ತಿರುಗಿಸಿದಳು.