ಮಧ್ಯಾಹ್ನಕ್ಕೆ ಶುರುವಾಗುವ ದಿನ

ಆ ಹಡಗಿಗೆ ನಾನು ಅರವತ್ತೊಂದು ಶನಿವಾರ ಕೊಟ್ಟಿದ್ದೇನೆ, ಡೈರಿಯಲ್ಲಿ ಲೆಕ್ಕವಿದೆ. ಗಿರಾವೀನ್‌ನ ಬಾಡಿಗೆ ರೂಮಿನಿಂದ ಸಿಡ್ನಿ ಬಂದರಿನ ಸಣ್ಣ ಮ್ಯೂಸಿಯಮ್ಮೊಂದಕ್ಕೆ ಹೋಗಿ, ಆ ಹಡಗಿನ ಹದಿನೆಂಟನೇ ಶತಮಾನದ ಲಾಗ್, ಅಂದರೆ ದಿನಚರಿ, ಓದಿ ದಿನಾಂಕವಾರು ಪಟ್ಟಿ ಮಾಡುತ್ತಿದ್ದೆ. ಕಲ್ಲಿದ್ದಲು ಸಾಗಿಸಲು ಕಟ್ಟಿದ ಹಡಗು. ನೌಕಾಪಡೆ ಅದನ್ನು ಕೊಂಡು ಫಿರಂಗಿ ಹೊರಿಸಿತು. ಸವೆದ ಮೇಲೆ ಮಾರಿತು. ಕೊನೆಗೆ ಅದು ತಿಮಿಂಗಿಲದ ಎಣ್ಣೆಯ ಪೀಪಾಯಿ ಹೊತ್ತಿತು. ನನಗೆ ಸಂಬಳವಿರಲಿಲ್ಲ. ಆದರೆ ಈ ಪಟ್ಟಿಯಿಂದ ಮೆಲ್ಬೋರ್ನ್‌ನಲ್ಲಿ ಒಂದು ಪ್ರದರ್ಶನವಾಗುವುದಿತ್ತು, ಅಲ್ಲಿ ಒಂದು ವರ್ಷದ ಸಂಬಳದ ಹುದ್ದೆಯಿತ್ತು, ಆರಿಸುವುದು ಒಂದು ಕಮಿಟಿ. ಆ ಹುದ್ದೆ ನನಗೇ ಎಂದು ಅಂಕಲ್ ಹೇಳಿದ್ದರು.

ಅಂಕಲ್ ಅಂದರೆ ಮ್ಯೂಸಿಯಮ್ಮಿನಲ್ಲಿ ನನ್ನ ಮೇಲ್ವಿಚಾರಕರು, ಮೈಸೂರಿನವರು, ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ. ಪ್ರತಿ ತಿಂಗಳೂ ನನ್ನ ಪಟ್ಟಿಯ ಕೆಳಗೆ, ಪರಿಶೀಲಿಸಿದ್ದೇನೆ ಎಂದು ಸಹಿ ಹಾಕುತ್ತಿದ್ದರು.

ಐವತ್ತೆಂಟನೇ ಶನಿವಾರ ಆ ಹಡಗು ತಂಗಿದ್ದ ಬಂದರೊಂದರ ಅಧಿಕಾರಿಯ ಹಳೆಯ ಡೈರಿ ಕೈಗೆ ಸಿಕ್ಕಿತು. ಹಡಗು ಸೋಮವಾರ ಮಧ್ಯಾಹ್ನ ಮೂರಕ್ಕೆ ಲಂಗರು ಹಾಕಿತು ಎಂದು ಅವನು ಬರೆದಿದ್ದ. ನನ್ನ ಪಟ್ಟಿಯಲ್ಲಿ ಮಂಗಳವಾರ. ಹುಡುಕಿದಾಗ ತಿಳಿಯಿತು: ಆ ಕಾಲದ ನಾವಿಕರಿಗೆ ದಿನ ಬದಲಾಗುತ್ತಿದ್ದುದು ನಡುಹಗಲಿಗೆ. ಸೋಮವಾರ ಹನ್ನೆರಡು ಹೊಡೆದರೆ ಲಾಗ್‌ನಲ್ಲಿ ಮಂಗಳವಾರ. ಸೂರ್ಯ ಹುಟ್ಟುವವರೆಗೆ ನಿನ್ನೆಯ ದಿನವೇ ಎನ್ನುತ್ತಿದ್ದ ಅಜ್ಜಿಯ ಜೊತೆ ಬೆಳೆದವಳು ನಾನು. ನನಗೇ ಹೊಳೆಯಲಿಲ್ಲ. ಎಣಿಸಿದೆ. ಮಧ್ಯಾಹ್ನದ ನಂತರದ ನಮೂದುಗಳು ತೊಂಬತ್ತೇಳು, ಎಲ್ಲವೂ ಒಂದು ದಿನ ತಪ್ಪು.

ಅಂಕಲ್‌ಗೆ ತೋರಿಸಿದೆ.

“ಅಯ್ಯೋ ಪುಟ್ಟಿ, ನಾನು ಸೈನ್ ಹಾಕ್ಬಿಟ್ಟಿದೀನಲ್ಲ!”

“ಅದಕ್ಕೇ ಮೊದಲು ನಿಮಗೆ ಹೇಳ್ತಿರೋದು ಅಂಕಲ್.”

“ಇನ್ನೂರೈವತ್ತು ವರ್ಷದ ಹಿಂದಿನ ಹಡಗು ಒಂದಿನ ಲೇಟಾದ್ರೆ ಯಾರಮ್ಮ ಕಂಪ್ಲೇಂಟ್ ಮಾಡ್ತಾರೆ? ಇಲ್ಲಿ ಟ್ರೇನೇ ಟೈಮಿಗೆ ಬರಲ್ಲ.” ನಕ್ಕರು. ಆಮೇಲೆ ದನಿ ತಗ್ಗಿಸಿ, “ಸರಿ, ಕರೆಕ್ಟ್ ಮಾಡಿ ನಂಗೆ ಮಾತ್ರ ಕಳ್ಸು. ಕಮಿಟಿಗೆ ನಾನು ಹೇಳ್ಕೋತೀನಿ” ಎಂದರು.

ಮೂರು ಶನಿವಾರ ಕೂತು ತಿದ್ದಿ ಕಳಿಸಿದೆ. ಅವರು ಹೇಳಿಕೊಂಡರು. ಹುದ್ದೆ ಬೇರೆಯವರಿಗೆ ಹೋಯಿತು. ಕಾರಣ ಕೇಳಿದ್ದಕ್ಕೆ ಕಮಿಟಿ ಬರೆದ ಉತ್ತರ ಡೈರಿಯಲ್ಲಿ ಅಂಟಿಸಿದ್ದೇನೆ: ನನಗೆ ದಿನಾಂಕಗಳ ಮೇಲೆ ಗಮನ ಸಾಲದು, ತೊಂಬತ್ತೇಳು ತಪ್ಪುಗಳನ್ನು ಮೇಲ್ವಿಚಾರಕರೇ ಹಿಡಿದು ತಿದ್ದಬೇಕಾಯಿತು.

ಫೋನ್ ಮಾಡಿದೆ. “ಬೇಜಾರ್ ಮಾಡ್ಕೋಬೇಡ ಪುಟ್ಟಿ, ನಿಂಗಿನ್ನೂ ವಯಸ್ಸಿದೆ” ಎಂದರು.

ಈಗ ನಾನು ಮೆಲ್ಬೋರ್ನ್‌ನಲ್ಲೇ ಇದ್ದೇನೆ, ಬಾಕ್ಸ್ ಹಿಲ್‌ನ ಒಂದು ಆಫೀಸಿನಲ್ಲಿ ಫೈಲು ಜೋಡಿಸಿಕೊಂಡು. ಕಳೆದ ಭಾನುವಾರ ಟಿಕೆಟ್ ಕೊಂಡು ಪ್ರದರ್ಶನಕ್ಕೆ ಹೋದೆ. ಗೋಡೆಯುದ್ದಕ್ಕೂ ನನ್ನ ಪಟ್ಟಿ, ಕೆಳಗೆ ಅಂಕಲ್ ಹೆಸರು. ಡೈರಿ ತೆಗೆದು ಒಂದೊಂದಕ್ಕೇ ಟಿಕ್ ಹಾಕಿದೆ. ತೊಂಬತ್ತೇಳೂ ಸರಿಯಾಗಿದ್ದವು. ಆದರೆ ಎಣ್ಣೆ ಹೊತ್ತ ಕೊನೆಯ ಯಾನದಲ್ಲಿ ಇನ್ನೊಂದು ಕಂಡಿತು: ಗುರುವಾರ, ಸಂಜೆ ನಾಲ್ಕು. ಬುಧವಾರ ಆಗಬೇಕಿತ್ತು. ತಿದ್ದುವಾಗ ನನ್ನ ಕಣ್ಣಿಂದ ತಪ್ಪಿಸಿಕೊಂಡದ್ದು.

ಬಾಗಿಲ ಬಳಿ, ತಪ್ಪುಗಳಿದ್ದರೆ ತಿಳಿಸಿ ಎಂದು ಒಂದು ಪುಸ್ತಕ ಇಟ್ಟಿದ್ದರು, ದಾರ ಕಟ್ಟಿದ ಪೆನ್ನೂ ಇತ್ತು. ಅದನ್ನು ಮುಟ್ಟಲಿಲ್ಲ. ನನ್ನ ಡೈರಿಯಲ್ಲಿ ತೊಂಬತ್ತೇಳನ್ನು ಹೊಡೆದುಹಾಕಿ ತೊಂಬತ್ತೆಂಟು ಎಂದು ಬರೆದುಕೊಂಡು ಟ್ರೇನ್ ಹಿಡಿದೆ.