ಎಂಟರಂದು ಎರಡು ಕ್ಯಾನ್, ಒಂಬತ್ತರಂದು ಒಂದೂ ಇಲ್ಲ

ಆವತ್ತು ಬೆಳಿಗ್ಗೆ ತುಳಸಿಗೆ ನೀರು ಹಾಕಿ ಒಳಗೆ ಬರುವಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಪರೇಲಿನ ಧರ್ಮಶಾಲೆ ನೋಡಿಕೊಳ್ಳುವ ಮರಾಠಿ ಯಜಮಾನರು.

“ತಾಈ, ಆಜ್ ಪೇಜ್ ಆಲೀ ನಾಹೀ,” ಎಂದರು. ಅವರ ಪೇಜ್ ಅಂದರೆ ನಮ್ಮ ಗಂಜಿ. ಇವತ್ತು ಬಂದಿಲ್ಲ. ನಿನ್ನೆ ಎರಡು ಕ್ಯಾನ್ ಬಂದು ಒಂದು ಹಾಗೇ ಉಳಿದು ಹಳಸಿತಂತೆ.

ಆ ಧರ್ಮಶಾಲೆಯಲ್ಲಿ ಇರುವವರೆಲ್ಲ ಕ್ಯಾನ್ಸರ್ ಚಿಕಿತ್ಸೆಗೆ ದೂರದ ಊರುಗಳಿಂದ ಬಂದವರು. ಒಳಗೆ ಒಲೆ ಹಚ್ಚಲು ಬಿಡುವುದಿಲ್ಲ. ಚಪಾತಿ, ಪಲ್ಯ ಕೊಡುವ ಪುಣ್ಯವಂತರು ಮುಂಬಯಿಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಗಂಟಲಿನಲ್ಲಿ ಚಪಾತಿ ಇಳಿಯದವರಿಗೆ ಏನು? ಅದಕ್ಕೇ ನಮ್ಮ ಭಜನಾ ಮಂಡಳಿಯ ಹೆಂಗಸರು ದಿನಕ್ಕೊಬ್ಬರಂತೆ ಕುಚ್ಚಲಕ್ಕಿ ಗಂಜಿ ಮಾಡಿ, ಮಿಕ್ಸಿಯಲ್ಲಿ ತಿರುವಿ, ಉಪ್ಪು, ಚೂರು ತುಪ್ಪ ಹಾಕಿ ಸ್ಟೀಲ್ ಕ್ಯಾನಿನಲ್ಲಿ ಒಯ್ದು ಕೊಡುತ್ತೇವೆ. ಭಜನೆ ಹೇಳುವಾಗ ನನ್ನ ಸ್ವರ ಯಾವತ್ತೂ ನೆಟ್ಟಗೆ ಬಂದದ್ದಿಲ್ಲ. ಗಂಜಿ ಮಾತ್ರ ನೆಟ್ಟಗೆ ಬರುತ್ತದೆ.

ಅಂದು ಕುಕ್ಕರಿನಲ್ಲೇ ಬೇಯಿಸಿ, ಭಾಂಡುಪಿನಿಂದ ಸ್ಲೋ ಲೋಕಲ್ ಹಿಡಿದು ನಾನೇ ಹೋದೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಕ್ಯಾನ್ ನೋಡಿ ಎದ್ದು ಜಾಗ ಕೊಟ್ಟಳು. ಅದು ಆ ದಿನದ ಮೊದಲ ಉಪಕಾರ, ಲೆಕ್ಕಕ್ಕೆ ಇಟ್ಟುಕೊಂಡೆ.

ಧರ್ಮಶಾಲೆಯ ಮೆಟ್ಟಿಲಲ್ಲಿ ಕೊಪ್ಪಳದ ಕಡೆಯ ಗಂಡ ಹೆಂಡತಿ ಕೂತಿದ್ದರು. ಆಕೆಗೆ ಗಂಟಲಿನ ಕಾಯಿಲೆ, ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಿದ್ದರು. ಮಾತು ಹೆಚ್ಚು ಕಡಿಮೆ ನಿಂತೇ ಹೋಗಿತ್ತು. ಗಂಡ ಎದ್ದು ನಿಂತು ಹೇಳಿದ, “ಬೈಯ್ಯಾಕ ಹತ್ತೀನಿ ಅನ್ಕೋಬ್ಯಾಡ್ರಿ ಅಕ್ಕಾರ. ಮುಂಜಾನಿ ಹಾಲು ಕುಡಿಸಿದ್ನಿ, ಹೊಳ್ಳಿ ಬಂತು. ಆಕಿಗೆ ನಿಮ್ಮ ಗಂಜಿ ಬಿಟ್ರ ಏನೂ ಇಳ್ಯಾಂಗಿಲ್ಲ. ಬರಂಗಿಲ್ಲ ಅಂದ್ರ ಹಿಂದಿನ ದಿನಾನ ಹೇಳ್ರಿ, ನಾ ಎಲ್ಲ್ಯರ ಹುಡುಕ್ತೀನಿ.”

ಆಕೆ ಎರಡು ಕೈಯಲ್ಲಿ ಬಟ್ಟಲು ಹಿಡಿದು ಕುಡಿದಳು. ಒಂದೊಂದು ಗುಟುಕಿಗೂ ಕಣ್ಣು ಮುಚ್ಚುತ್ತಿದ್ದಳು. ಇನ್ನೊಂದು ದಿನ ಹೀಗಾಗಬಾರದು ಎಂದು ಅಲ್ಲೇ ದೇವರಿಗೆ ಹೇಳಿಕೊಂಡೆ. ದೇವರಿಗೆ ಹೇಳಿದ ಮೇಲೆ ಕೆಲಸ ನಮ್ಮದೇ.

ಇಷ್ಟು ವರ್ಷ ಯಾರ ದಿನ ಯಾವುದು ಎಂದು ನೋಡಿಕೊಳ್ಳುತ್ತಿದ್ದವರು ದಾದರಿನ ದೊಡ್ಡಕ್ಕ, ಮಂಡಳಿಗೆಲ್ಲ ಹಿರಿಯರು. ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ, “ಇನ್ನು ನೀನು ನೋಡಿಕೋ ಮಾರಾಯ್ತಿ” ಎಂದು ಬಿಟ್ಟರು. ನನ್ನ ತಲೆ ಅಷ್ಟು ಗಟ್ಟಿಯಲ್ಲ. ನನ್ನ ಸೊಸೆ ಪವಾಯಿಯಲ್ಲಿ ಐಟಿ ಆಫೀಸಿಗೆ ಹೋಗುವವಳು, ಮರಾಠಿ ಹುಡುಗಿ. ಅವಳು ಕಂಪ್ಯೂಟರಿನಲ್ಲಿ ಒಂದು ಶೀಟ್ ಮಾಡಿಕೊಟ್ಟಳು. ಮೊಬೈಲಿನಲ್ಲಿ ಫಾರಂ ತುಂಬಬಲ್ಲವರದ್ದು ಒಂದು ಹಾಳೆ. ಫೋನ್ ಮಾಡಿ ಹೇಳುವವರದ್ದು ನಾನೇ ಟೈಪ್ ಮಾಡುವ ಇನ್ನೊಂದು ಹಾಳೆ. ಎರಡನ್ನೂ ಸೇರಿಸಿ, ಯಾವ ದಿನ ಯಾರು ಎಂದು ಗುಂಪು ಮಾಡಿ ತೋರಿಸುವುದಕ್ಕೆ ಪಿವಟ್ ಟೇಬಲ್ ಅನ್ನುತ್ತಾರೆ. ಅದು ತಾನಾಗಿಯೇ ಆಗುವಂತೆ ಬರೆದಿಟ್ಟ ಸಾಲುಗಳಿಗೆ ಸ್ಕ್ರಿಪ್ಟ್ ಅನ್ನುತ್ತಾರೆ. ಆ ಪಟ್ಟಿಯನ್ನು ನಾನು ವಾಟ್ಸಾಪಿಗೆ ಹಾಕುವುದು, ಅದನ್ನು ನೋಡಿ ಹೆಂಗಸರು ಅಕ್ಕಿ ತೊಳೆಯುವುದು. ಈ ಏರ್ಪಾಡು ಶುರುವಾಗಿ ಇನ್ನೂ ಒಂದು ವಾರವಷ್ಟೇ ಆಗಿತ್ತು.

ದೊಡ್ಡಕ್ಕನಿಗೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. “ನಿನ್ನ ಶೀಟಿಗೇ ಒಂದು ಲೋಟ ಗಂಜಿ ಕುಡಿಸು, ಬುದ್ಧಿ ಬರಲಿ,” ಎಂದರು ಫೋನಿನಲ್ಲಿ.

ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಸೊಸೆಯ ಹಳೆಯ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಮದುವೆಗೆ ಮುಂಚೆ ಊರಲ್ಲಿ ಟೈಪಿಂಗ್ ಜೂನಿಯರ್ ಪಾಸ್ ಮಾಡಿದ್ದೆ, ಕೀ ಹುಡುಕುವ ಕಷ್ಟ ಇರಲಿಲ್ಲ. ಅದೂ ಒಂದು ಉಪಕಾರವೇ.

ಜುಲೈ ಎಂಟಕ್ಕೆ, ಅಂದರೆ ಹಿಂದಿನ ದಿನಕ್ಕೆ, ಎರಡು ಹೆಸರಿತ್ತು. ಒಂದು ಠಾಣೆ ಊರಿನಲ್ಲಿರುವ ಅಕ್ಕನದು, ಸರಿ. ಇನ್ನೊಬ್ಬರು ನನಗೆ ಫೋನಿನಲ್ಲಿ ಹೇಳಿದ್ದು ಆಗಸ್ಟ್ ಏಳು. ನಾನು 7/8 ಎಂದು ಟೈಪ್ ಮಾಡಿದ್ದೆ. ಒಂಬತ್ತನೇ ತಾರೀಕಿನವರದ್ದು 9/7 ಎಂದು ಹಾಕಿದ್ದೆ, ಅವರು ಸೆಪ್ಟೆಂಬರಿನಲ್ಲಿ ಹೋಗಿ ಕೂತಿದ್ದರು. ಸೊಸೆಗೆ ಆಫೀಸಿಗೆ ಫೋನ್ ಮಾಡಿದೆ.

“ಆಯಿ, ಶೀಟ್ ಅಮೇರಿಕಾ ಸೆಟಿಂಗ್‌ದಲ್ಲಿ ಇದೆ. ಅಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಇಂಡಿಯಾ ಮಾಡಿ,” ಎಂದಳು. ನನ್ನ ಜೊತೆ ಅವಳು ಕನ್ನಡವನ್ನೇ ಆಡುತ್ತಾಳೆ, ಹುಡುಕಿ ಹುಡುಕಿ.

ಇಂಡಿಯಾ ಮಾಡಿದೆ. ಹೊಸದಾಗಿ ಹಾಕಿದ್ದು ಸರಿಹೋಯಿತು, ಹಳೆಯದು ಜುಲೈ ಎಂಟರಲ್ಲೇ ಗಟ್ಟಿಯಾಗಿ ಕೂತಿತ್ತು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನನ್ನ ಹಾಳೆಯಲ್ಲಿ ಕೆಲವು ತಾರೀಕು ತಮ್ಮ ಚೌಕದ ಮನೆಯ ಬಲಗೋಡೆಗೆ ಅಂಟಿಕೊಂಡಿವೆ, ಕೆಲವು ಎಡಗೋಡೆಗೆ. ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಒಂದೊಂದೇ ನೋಡಿದೆ. ಬಲಗಡೆ ಇದ್ದವೆಲ್ಲ ಹನ್ನೆರಡರ ಒಳಗಿನ ದಿನಗಳು. ಎಡಗಡೆಯವು ಹದಿಮೂರರಿಂದ ಆಚೆ. ಹದಿಮೂರನೇ ತಿಂಗಳು ಎಂಬುದು ಇಲ್ಲವಲ್ಲ, ಅದಕ್ಕೆ ಅವನ್ನು ತಾರೀಕೆಂದೇ ಒಪ್ಪದೆ ಬರೀ ಅಕ್ಷರ ಎಂದು ಪಕ್ಕಕ್ಕೆ ತಳ್ಳಿತ್ತು. ಪಾಪ, ಆ ಹೆಂಗಸರ ಹೆಸರು ಪಿವಟ್ ಟೇಬಲ್ಲಿಗೆ ಬಂದೇ ಇರಲಿಲ್ಲ.

ಆ ಕಾಲಮ್ಮನ್ನೆಲ್ಲ ಅಳಿಸಿದೆ. ಶೀಟ್ ತನ್ನ ಬುದ್ಧಿ ಉಪಯೋಗಿಸದ ಹಾಗೆ, ಬರೀ ಅಕ್ಷರವಾಗಿಯೇ ಇಟ್ಟುಕೊಳ್ಳಲಿ ಎಂದು ಸೆಟಿಂಗ್ ಮಾಡಿ, ಒಬ್ಬೊಬ್ಬರಿಗೂ ಫೋನ್ ಹಚ್ಚಿ ಕೇಳಿ, ಮತ್ತೆ ಟೈಪ್ ಮಾಡಿದೆ. ವರ್ಷವನ್ನೂ ಸೇರಿಸಿದೆ. ಸ್ಕ್ರಿಪ್ಟ್ ಓಡಿಸಿದೆ. ಮತ್ತದೇ ಜುಲೈ ಎಂಟು.

“ಸ್ಕ್ರಿಪ್ಟ್‌ಗೆ ಶೀಟಿನ ಸೆಟಿಂಗ್ ಕೇಳಿಸೋದಿಲ್ಲ ಆಯಿ,” ಎಂದಳು ಸೊಸೆ. “ಅದು ಯಾವಾಗಲೂ ತಿಂಗಳು ಮೊದಲು ಓದುತ್ತೆ. ನಾನು ಸಂಜೆ ಬಂದು ಮಾಡ್ತೀನಿ, ತುಮ್ಹೀ ಥಾಂಬಾ.”

ನಿಲ್ಲು ಎಂದರೆ ಹೇಗೆ ನಿಲ್ಲುವುದು? ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಳೆಯ ಪಟ್ಟಿ ಹೋಗಬೇಕು. “ನೀನು ಬಾಯಲ್ಲಿ ಹೇಳು, ನಾನು ಬೆರಳಲ್ಲಿ ಮಾಡುತ್ತೇನೆ,” ಎಂದೆ. ಅವಳು ನಕ್ಕು, ಕ್ಯಾಂಟೀನಿಗೆ ಹೋಗುತ್ತಾ ಹೇಳಿಕೊಟ್ಟಳು. ಗೆರೆ ಇದ್ದಲ್ಲಿ ತಾರೀಕನ್ನು ತುಂಡು ಮಾಡಬೇಕು. ಮೊದಲ ತುಂಡು ದಿನ, ಎರಡನೆಯದು ತಿಂಗಳು, ಮೂರನೆಯದು ವರ್ಷ ಎಂದು ನಾವೇ ಕೈಹಿಡಿದು ತೋರಿಸಬೇಕು. ಹಾಗೇ ಬರೆದೆ. ಓಡಿಸಿದೆ. ಈಗ ಆಗಸ್ಟಿನವರೆಲ್ಲ ಸೆಪ್ಟೆಂಬರಿಗೆ ಜಿಗಿದರು.

ಮತ್ತೆ ಫೋನ್. “ಅಯ್ಯೋ, ಹೇಳಕ್ಕೆ ಮರೆತೆ. ಅದಕ್ಕೆ ಜನವರಿ ಅಂದ್ರೆ ಸೊನ್ನೆ. ತಿಂಗಳಿಂದ ಒಂದು ಕಳೀರಿ.”

“ಜನವರಿಯನ್ನು ಸೊನ್ನೆ ಎಂದು ಎಣಿಸುವ ಪಂಚಾಂಗ ಬರೆದವನಿಗೆ ಮನೆಯಲ್ಲಿ ಬೈಯುವವರು ಯಾರೂ ಇರಲಿಲ್ಲವಾ?” ಎಂದೆ.

ಒಂದು ಕಳೆದೆ. ಓಡಿಸಿದೆ. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತರು. ಹನ್ನೆರಡರ ಒಳಗಿನ ಒಂದು, ಆಚೆಯ ಒಂದು ಹೊಸ ತಾರೀಕು ಹಾಕಿ ನೋಡಿದೆ, ಅವೂ ಸರಿ. ದೇವರ ಫೋಟೋದ ಕಡೆಗೆ ಒಮ್ಮೆ ಕೈಮುಗಿದೆ.

ಆದರೆ ಮನಸ್ಸಿಗೆ ಒಂದು ಮುಳ್ಳು ಉಳಿಯಿತು. ಒಂಬತ್ತನೇ ತಾರೀಕು ಖಾಲಿ ಎಂದು ನನಗೆ ಮೊದಲೇ ಯಾಕೆ ಕಾಣಲಿಲ್ಲ? ಯಾರೂ ಇಲ್ಲದ ದಿನವನ್ನು ಪಿವಟ್ ಟೇಬಲ್ ತೋರಿಸುವುದೇ ಇಲ್ಲ. ಎಂಟು ಆದ ಮೇಲೆ ಹತ್ತು. ಸಾಲು ತುಂಬಿದ ಹಾಗೇ ಕಾಣುತ್ತದೆ. ಹಸಿದವರಿಗೆ ಮಾತ್ರ ಆ ದಿನ ಇರುತ್ತದೆ.

ಅದಕ್ಕೆ ಪಕ್ಕದಲ್ಲಿ ತಿಂಗಳ ಎಲ್ಲ ದಿನಗಳನ್ನೂ ಬಿಡದೆ ಬರೆದು, ಪ್ರತಿ ದಿನದ ಎದುರಿಗೆ ಪಿವಟ್ ಟೇಬಲ್ಲಿನಿಂದ ಹೆಸರು ಬರುವ ಹಾಗೆ ಮಾಡಿದೆ. ಹೆಸರಿಲ್ಲದ ಮನೆ ಕೆಂಪಗೆ ಕಾಣಬೇಕು. ಹೆಚ್ಚೇನೂ ಕೆಂಪು ಬರಲಿಲ್ಲ. ತಿಂಗಳಿಗೆ ಎರಡು, ಜುಲೈಯಲ್ಲೂ ಎರಡು, ಆಗಸ್ಟಿನಲ್ಲೂ ಎರಡು. ಮತ್ತೆ ತಾರೀಕು ಕೆಟ್ಟಿತೇನೋ ಎಂದು ಸ್ಕ್ರಿಪ್ಟನ್ನು ಮೇಲಿಂದ ಕೆಳಗೆ ಓದಿದೆ. ಅಲ್ಲಿ ತಪ್ಪಿರಲಿಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಎದುರು ಹೋಗಿ ನಿಂತೆ. ಕೆಂಪಾದ ದಿನಗಳೆಲ್ಲ ಏಕಾದಶಿ.

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಏಕಾದಶಿಯಂದು ಒಲೆಯ ಮೇಲೆ ಅಕ್ಕಿ ಇಡುವುದಿಲ್ಲ. ನಾನೂ ಇಡುವುದಿಲ್ಲ. ಯಾರೂ ಯಾರಿಗೂ ಹೇಳದೆ, ಎಲ್ಲರೂ ಆ ದಿನ ಬಿಟ್ಟು ಬೇರೆ ದಿನ ಕೊಟ್ಟಿದ್ದರು. ನಾನೂ ಹಾಗೆಯೇ ಕೊಟ್ಟಿದ್ದೆ.

ದೊಡ್ಡಕ್ಕನಿಗೆ ಫೋನ್ ಮಾಡಿದೆ. “ಅಕ್ಕಾ, ಹಿಂದೆಲ್ಲ ಏಕಾದಶಿ ದಿನ ಗಂಜಿ ಯಾರು ಒಯ್ಯುತ್ತಿದ್ದರು?”

ದೊಡ್ಡಕ್ಕ ಆಚೆ ಟಿವಿಯ ಸದ್ದು ಕಡಿಮೆ ಮಾಡಿದರು. “ನಾನೇ,” ಎಂದರು. “ಮತ್ಯಾರು?”

“ನೀವು ನಿರ್ಜಲ ಉಪವಾಸ ಮಾಡುವವರಲ್ಲವಾ?”

“ನಾನು ಗಂಜಿ ಕುಡಿದೆ ಅಂದೆನಾ? ಮಾಡಿದೆ ಅಂದೆ. ದೇವರಿಗೆ ಹೇಳಿಯೇ ಒಲೆ ಹಚ್ಚುತ್ತಿದ್ದೆ. ನಿಮಗೆ ಹೇಳಿದರೆ ಭಜನೆ ಬಿಟ್ಟು ಶಾಸ್ತ್ರ ಶುರು ಮಾಡುತ್ತಿದ್ದಿರಿ.”

ಹೌದು, ಮಾಡುತ್ತಿದ್ದೆವು. ಮೊದಲು ಶುರು ಮಾಡುವವಳು ನಾನೇ ಆಗಿರುತ್ತಿದ್ದೆ. ಸಂಜೆ ದೀಪ ಹಚ್ಚಿ ಸ್ವಲ್ಪ ಹೊತ್ತು ದೇವರ ಮುಂದೆ ಕೂತೆ. ಮೆಟ್ಟಿಲಲ್ಲಿ ಬಟ್ಟಲು ಹಿಡಿದ ಆ ಎರಡು ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಎದ್ದು ಹೋಗಿ ನನ್ನ ಹಾಳೆಯಲ್ಲಿ ಕೆಂಪಾದ ದಿನಗಳಿಗೆ ನನ್ನ ಹೆಸರು ಹಾಕಿದೆ. ಸ್ಕ್ರಿಪ್ಟ್ ಓಡಿಸಿದೆ. ಕೆಂಪು ಹೋಯಿತು.

ಪಟ್ಟಿ ಗುಂಪಿಗೆ ಹೋದ ಮೇಲೆ ಠಾಣೆಯ ಅಕ್ಕ ಒಬ್ಬರೇ ಕೇಳಿದರು, “ಏಕಾದಶಿ ದಿನ ನಿಮ್ಮ ಹೆಸರುಂಟಲ್ಲ, ಮತ್ತೆ ತಾರೀಕು ಕೆಟ್ಟಿತಾ?” ಇಲ್ಲ, ಈಗ ಸರಿಯಾಗಿದೆ ಎಂದು ಬರೆದೆ. ಅವರು ಕೈಮುಗಿದ ಚಿತ್ರ ಹಾಕಿದರು.

ಮುಂದಿನ ಏಕಾದಶಿಗೆ ಸ್ನಾನ ಮಾಡಿ, ದೇವರಿಗೆ ಹೇಳಿ, ಅಕ್ಕಿ ಇಟ್ಟೆ. ಕುಕ್ಕರಿನ ಮೊದಲ ಸೀಟಿಗೆ ದೇವರ ಫೋಟೋದ ಕಡೆಗೆ ಒಮ್ಮೆ ತಿರುಗಿ ನೋಡಿದೆ. ಎರಡನೆಯದಕ್ಕೆ ನೋಡಲಿಲ್ಲ. ಉಪ್ಪು ನೋಡಲು ಸೊಸೆಯನ್ನು ಕರೆದೆ. “ಬರೋಬರ್ ಇದೆ ಆಯಿ,” ಎಂದು ಅವಳು ಕ್ಯಾನಿನ ಮುಚ್ಚಳ ಬಿಗಿ ಮಾಡಿಕೊಟ್ಟು ಆಫೀಸಿಗೆ ಹೋದಳು. ಮಳೆ ಇತ್ತು, ಆದರೂ ಲೋಕಲ್ ಗಾಡಿ ನಿಂತಿರಲಿಲ್ಲ. ಅದನ್ನೂ ಲೆಕ್ಕಕ್ಕೆ ಇಟ್ಟೆ.

ಕೊಪ್ಪಳದ ಆಕೆ ಅದೇ ಮೆಟ್ಟಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬಟ್ಟಲು ಖಾಲಿ ಮಾಡಿ ಗಂಡನ ತೋಳು ಮುಟ್ಟಿ ಏನೋ ಸನ್ನೆ ಮಾಡಿದಳು.

“ನಾಳಿಗಿ ಬರ್ತೈತೇನ್ರಿ ಅಂತ ಕೇಳ್ತಾಳ್ರಿ,” ಎಂದ ಅವನು.

“ನಾಳೆ ಠಾಣೆಯಿಂದ ಒಬ್ಬರು ಅಕ್ಕ ಬರುತ್ತಾರೆ. ನಾಡಿದ್ದು ಮುಲುಂಡಿನವರು,” ಎಂದೆ.

ಆಕೆ ತಲೆಯಾಡಿಸಿ, ಬಟ್ಟಲನ್ನು ನಲ್ಲಿಯಲ್ಲಿ ತೊಳೆಯಲು ತಾನೇ ಎದ್ದಳು.