ತಂಬಿಗೆಯ ಎರಡನೇ ಸಾಲು

ಗೌರಮ್ಮನವರೇ, ನಿಮ್ಮ ಯಜಮಾನರ ತಂಬಿಗೆಯ ಮೇಲಿರುವ ಎರಡನೇ ಸಾಲನ್ನು ಅವರು ಬರೆದಿಲ್ಲ. ಮೊಳೆ ಹಿಡಿದು ಅದನ್ನು ಗೀಚಿದವನು ನಾನು. ನಾಲ್ಕು ವರ್ಷದಿಂದ ಇದನ್ನು ನುಂಗಿಕೊಂಡಿದ್ದೇನೆ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಿವೃತ್ತ ಸೈನಿಕರು ಸೇರಿ ಮಾಡಿದ ಎರಡು ಕೋಣೆಯ ಸಂಗ್ರಹಾಲಯವನ್ನು ನೋಡಿಕೊಳ್ಳುವವನು ನಾನು. ನೀವು ಮಲೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದು, ಸೆರಗಿನಲ್ಲಿ ಸುತ್ತಿದ್ದ ಹಿತ್ತಾಳೆ ತಂಬಿಗೆಯನ್ನು ನನ್ನ ಮೇಜಿನ ಮೇಲಿಟ್ಟಿರಿ. ಯುದ್ಧಕ್ಕೆ ಹೋಗುವಾಗ ಅವರು ಮನೆಯಿಂದ ಒಯ್ದದ್ದು. ಅವರು ಬರಲಿಲ್ಲ, ಟ್ರಂಕಿನಲ್ಲಿ ಇದು ಬಂತು. ಅದರ ಮೈಮೇಲೆ ಚಾಕುವಿನ ಮೊನೆಯಿಂದ ಗೀಚಿದ ಎರಡು ಸಾಲು.

“ಹೋಗೋ ದಿನ ಜಗಳ ಆಡಿ ಕಳ್ಸಿದ್ದೆ ಸಾರ್. ಏನ್ ಬರ್ದಾರೋ ಅಂತ ಅಂಜಿಕೆ. ನಂಗೆ ಓದಾಕ ಬರಲ್ಲ, ಮಗಳ ಕೈಲೂ ಓದಿಸ್ಲಿಲ್ಲ. ನೀವು ಓದಿ ಹೇಳ್ರಿ,” ಎಂದಿರಿ.

ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಆಳವಾಗಿತ್ತು, ಓದಿದೆ. ಎರಡನೆಯದರ ಮೇಲೆ ಹಸಿರು ಕಿಲುಬು ಕೂತಿತ್ತು. ಹತ್ತಿ ಹಿಡಿದು ನಿಧಾನವಾಗಿ ಬಿಡಿಸಬೇಕಾದ ಕೆಲಸ. ಬಿಡಿಸಿ ಓದಿ ಹೇಳುತ್ತೇನೆ, ಬಿಟ್ಟು ಹೋಗಿ ಅಂದೆ. ನಂಬಿದಿರಿ. ನಾನು ಒಂದು ಫೋಟೋ ಕೂಡ ತೆಗೆದಿಡಲಿಲ್ಲ — ನಾಳೆ ಮಾಡಿದರಾಯಿತು ಎಂಬ ಸೋಮಾರಿತನ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮ ಕಡೆ ಆ ದಿನ ಕಬ್ಬಿಣ, ಹಿತ್ತಾಳೆ ಯಾವುದೂ ಮಂಕಾಗಿರಬಾರದು; ಕುಡುಗೋಲಿನಿಂದ ಹಿಡಿದು ಎಲ್ಲವನ್ನೂ ತಿಕ್ಕಿ ತೊಳೆದು ಕುಂಕುಮ ಇಡುತ್ತೇವೆ. ಸಂಗ್ರಹಾಲಯದ ವಸ್ತುವಿಗೆ ಅದು ಸಲ್ಲದೆಂದು ಗೊತ್ತಿದ್ದವನೇ ನಾನು. ಆದರೂ ಅತಿಥಿಗಳೆದುರು ಎಲ್ಲ ಫಳಫಳ ಎನ್ನಬೇಕೆಂಬ ಹುಚ್ಚಿನಲ್ಲಿ, ಖಾಲಿ ತೋಟಾಗಳು, ಬಿಲ್ಲೆಗಳ ಜೊತೆ ನಿಮ್ಮ ತಂಬಿಗೆಯನ್ನೂ ಪೇಟೆಯ ಪಾಲಿಶ್ ಅಂಗಡಿಗೆ ಕಳಿಸಿದೆ. ಸಂಜೆ ಅದು ಮದುವೆಗೆ ಕೊಡುವ ಹೊಸ ತಂಬಿಗೆಯ ಹಾಗೆ ಹೊಳೆಯುತ್ತ ಬಂತು. ನಿಮ್ಮ ಹೆಸರು ತೆಳ್ಳಗೆ ಉಳಿದಿತ್ತು. ಅದರ ಕೆಳಗೆ — ಭೂತಗನ್ನಡಿ ಹಿಡಿದೆ, ಟಾರ್ಚ್ ಬಿಟ್ಟೆ, ಬೆರಳಿನಿಂದ ಸವರಿದೆ. ಏನೂ ಇರಲಿಲ್ಲ.

ಮುಂದಿನ ವಾರ ನೀವು ಬಂದಿರಿ. ಒಳಗೂ ಬಾರದೆ ಬಾಗಿಲಲ್ಲೇ ನಿಂತು, “ಏನ್ ಐತೆ ಸಾರ್ ಅದ್ರಾಗೆ?” ಎಂದಿರಿ. ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ — ನಿಜ ಹೇಳುತ್ತೇನೆ, ಆಗ ನನಗೆ ನಿಮ್ಮ ಚಿಂತೆ ಇರಲಿಲ್ಲ, ನನ್ನದೇ ಇತ್ತು. ಬಾಯಿಗೆ ಬಂದದ್ದು ಹೇಳಿದೆ.

“‘ನಿನ್ನ ಮೇಲೆ ಸಿಟ್ಟಿಲ್ಲ’ ಅಂತ ಬರ್ದಾರಮ್ಮ.”

ನೀವು ಅಲ್ಲೇ ನೆಲದ ಮೇಲೆ ಕೂತು ಅತ್ತಿರಿ. ಮಗಳನ್ನು ಕರೆತಂದು ತೋರಿಸುತ್ತೇನೆ ಎಂದಿರಿ. ಮಗಳಿಗೆ ಓದಲು ಬರುತ್ತದೆ — ಅದಕ್ಕೇ ನೀವು ಹೋದ ಮೇಲೆ ಆ ಮಾತನ್ನು ಮೊಳೆಯಿಂದ ಗೀಚಿದೆ. ತಂಬಿಗೆ ಇಲ್ಲೇ ಇರಲಿ ಎಂದು ನೀವು ಬಿಟ್ಟುಕೊಟ್ಟ ಮೇಲೆ ಅದನ್ನೇ ಚೀಟಿಯಲ್ಲಿ ಬರೆದು ಗಾಜಿನ ಕಪಾಟಿಗೆ ಅಂಟಿಸಿದೆ. ಶಾಲೆಯ ಮಕ್ಕಳು ಅದನ್ನು ಗಟ್ಟಿಯಾಗಿ ಓದುವಾಗಲೆಲ್ಲ ನಾನು ಪಕ್ಕದ ಕೋಣೆಗೆ ಹೋಗಿಬಿಡುತ್ತಿದ್ದೆ. ಈ ಗೀರು ಹೊಸದಲ್ಲವೇ ಎಂದು ಯಾರಾದರೂ ಕೇಳಿಬಿಟ್ಟರೆ? ಯಾರೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹರಿಹರದಿಂದ ನಿಮ್ಮ ಮಗಳು ಫೋನ್ ಮಾಡಿದ್ದರು. “ಅವ್ವ ನಮ್ಮನ್ಯಾಗೇ ಹಾಸಿಗೆ ಹಿಡಿದಾಳೆ ಸಾರ್. ಅಪ್ಪನ ತಂಬಿಗೆಯಾಗಿನ ನೀರೇ ಬಾಯಿಗೆ ಬಿಡ್ರಿ ಅಂತಾಳೆ. ತಂದ್ಕೊಡ್ತೀರಾ?”

ಚೀಟಿ ಕಿತ್ತಿದ್ದೇನೆ. ತಂಬಿಗೆಯನ್ನು ಬಟ್ಟೆಯಲ್ಲಿ ಸುತ್ತಿದ್ದೇನೆ. ಹೆದರಿಕೆ ಹೋಗಿಲ್ಲ. ನಿಮ್ಮ ಯಜಮಾನರು ಸಿಟ್ಟಿನಲ್ಲೇ ಹೋದರೋ, ಸಿಟ್ಟು ಬಿಟ್ಟಿದ್ದರೋ — ಇನ್ನು ಯಾರಿಗೂ ತಿಳಿಯುವುದಿಲ್ಲ; ತಿಳಿಯದಂತೆ ಮಾಡಿದವನು ನಾನು. ಈ ಕಾಗದವನ್ನು ಮಗಳ ಕೈಗಿಟ್ಟು ಓಡಿಬರುವ ಯೋಚನೆಯೂ ಬಂತು. ಇಲ್ಲ. ನಿಮ್ಮ ಹಾಸಿಗೆಯ ಪಕ್ಕ ಕೂತು ನಾನೇ ಓದುತ್ತೇನೆ. ಕೇಳಿದ ಮೇಲೆ ಆ ತಂಬಿಗೆಯ ನೀರು ಬೇಕೋ ಬೇಡವೋ, ನೀವೇ ಹೇಳಿ.